ಹೊಸ ಕಾಲುವೆಯ ಮೊದಲ ಜಗಳ

ಈ ಊರಿಗೆ ವರ್ಗವಾಗಿ ಬಂದ ಮೊದಲ ಮಳೆಗಾಲದಲ್ಲೇ, ನನ್ನ ಬಾಯಿಯಿಂದಾಗಿ ನನ್ನ ಮನೆಯೊಳಗೇ ಮೊಣಕಾಲುದ್ದ ನೀರು ನುಗ್ಗಿಸಿಕೊಂಡೆ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ, ಅಷ್ಟೇ. ಹೊಸ ಮನೆ, ಹೊಸ ಆಫೀಸು, ಹಳೇ ಆಫೀಸಿನಲ್ಲಿ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟವರ ಸಮಾಚಾರ, ಎಲ್ಲವನ್ನೂ ಒಂದು ಸುತ್ತು ಹೇಳಿ ಮುಗಿಸಿ ಇನ್ನೊಂದು ಸುತ್ತು ಶುರು ಮಾಡಿದ್ದೆ. “ಸಾಕು ಬಾಯಿ ಮುಚ್ಚೇ ವಿಮಲಾಕ್ಷಿ, ನನಗೆ ಒಲೆ ಮೇಲೆ ಹಾಲಿದೆ,” ಎಂದು ಅಮ್ಮ ಹೇಳುವಷ್ಟರಲ್ಲಿ ಕಾಲಿಗೆ ತಣ್ಣಗಾಯಿತು. ನೋಡಿದರೆ ರಸ್ತೆಯ ಮಳೆನೀರು ಹೊಸ್ತಿಲು ದಾಟಿ, ನಡುಮನೆ ದಾಟಿ, ನನ್ನ ಕುರ್ಚಿಯ ಸುತ್ತ ಬಂದು ನಿಂತಿದೆ. ಕಿರುಚಿದೆ. ಇನ್ನಷ್ಟು ಬಂತು. ಪಕ್ಕದ ಮನೆಯ ಬುಡ್ಡನ್ ಸಾಬರು ಕಿಟಕಿಯಲ್ಲಿ ಇಣುಕಿ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಹೊರಗೆ ಬಾ ಎಂದು ಸನ್ನೆ ಮಾಡಿದರು. ಚರಂಡಿಯ ಹತ್ತಿರ ಕರೆದುಕೊಂಡು ಹೋದ ಮೇಲೆ ಬಾಯಿ ಬಿಟ್ಟರು. “ಈಗ ಬಯ್ಯಿ ತಾಯಿ, ಎಷ್ಟು ಬೇಕಾದ್ರೂ ಬಯ್ಯಿ. ಇಲ್ಲಿ ಬಯ್ದರೆ ಊರಿಗೂ ಒಳ್ಳೇದು.” ನಾನು ಬಯ್ದೆ. ಮನೆಯೊಳಗಿನ ನೀರೆಲ್ಲ ಸರಸರ ಹೊರಗೆ ಬಂದು ಚರಂಡಿಗೆ ಇಳಿಯಿತು.

ಈ ಊರಿನ ನೀರಿಗೆ ಇಳಿಜಾರು ಗೊತ್ತಿಲ್ಲವೆಂದಲ್ಲ. ಗೊತ್ತಿದೆ. ಆದರೆ ಮಾತು ಕೇಳಿಸಿತೋ, ಇಳಿಜಾರನ್ನು ಮರೆತುಬಿಡುತ್ತದೆ. ತಮಟೆ ಬಡಿಯಿರಿ, ಪಟಾಕಿ ಹಚ್ಚಿ, ತಿರುಗಿಯೂ ನೋಡುವುದಿಲ್ಲ. ಮನುಷ್ಯರು ಮನಸ್ಸಿಟ್ಟು ಆಡಿದ ಮಾತು, ಮನಸ್ಸು ಬಿಚ್ಚಿ ಅತ್ತ ಅಳು, ಇವೇ ಬೇಕು ಅದಕ್ಕೆ. ಹಾಗಾಗಿ ಮಳೆಗಾಲದಲ್ಲಿ ಇಲ್ಲಿನವರು ಮನೆಯೊಳಗೆ ತುಟಿ ಪಿಟಕ್ಕೆನ್ನುವುದಿಲ್ಲ. ಊಟಕ್ಕೆ ಉಪ್ಪು ಬೇಕೆಂದರೆ ಎರಡು ಬೆರಳು ಉಜ್ಜಿ ತೋರಿಸುತ್ತಾರೆ. ಕೂಸು ಅತ್ತರೆ ಕಂಬಳಿ ಸುತ್ತಿಕೊಂಡು ಚರಂಡಿ ದಂಡೆಗೆ ಓಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೂ ಕೊಡೆ ಹಿಡಿದು ದಂಡೆಯ ಮೇಲೆಯೇ ನಡೆಯಬೇಕು. ಜಗಳಗಳನ್ನಂತೂ ದೀಪಾವಳಿಗೆ ಎತ್ತಿಡುತ್ತಾರೆ. ಎಣ್ಣೆಸ್ನಾನ ಮುಗಿಸಿ, ಹೋಳಿಗೆ ತಿಂದು, ಮಳೆಗಾಲದಲ್ಲಿ ನುಂಗಿಕೊಂಡ ಜಗಳವನ್ನೆಲ್ಲ ಒಂದೊಂದಾಗಿ ಆಡಿ ಮುಗಿಸುವುದೇ ಇಲ್ಲಿನ ಹಬ್ಬ. ಪರವೂರಿನವರು ನೋಡಿದರೆ ಊರಿಗೆ ಊರೇ ಕೆಟ್ಟಿದೆ ಅಂದುಕೊಳ್ಳಬೇಕು.

ನಾನು ಪುರಸಭೆಯಲ್ಲಿ ಚರಂಡಿ ಮತ್ತು ನೆರೆ ವಿಭಾಗದ ಇಂಜಿನಿಯರು. ನನ್ನ ಕೈಕೆಳಗೆ ಒಂದು ಜೆಸಿಬಿ ಇದೆ, ಹೂಳು ತೆಗೆಯುವವರಿದ್ದಾರೆ, ಮತ್ತು ಮಾತುಗಾರರಿದ್ದಾರೆ. ಮಾತುಗಾರರೆಂದರೆ ಮಳೆ ಬರುವಾಗ ಜೋಡಿಜೋಡಿಯಾಗಿ ಚರಂಡಿ ದಂಡೆಯಲ್ಲಿ ಕೂತು ಮಾತಾಡುವ ನೌಕರರು. ಬುಡ್ಡನ್ ಸಾಬರು, ಅವರ ಗೆಳೆಯ ಹೊನ್ನಪ್ಪ, ಇವರಿಬ್ಬರದು ಹಳೇ ದೊಡ್ಡ ಚರಂಡಿ. ಇವರ ಮಾತು ಯಾವತ್ತೂ ಬತ್ತಿದ್ದಿಲ್ಲ, ಯಾಕೆಂದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಯಾವತ್ತೂ ಒಪ್ಪಿದ್ದಿಲ್ಲ. ಹೊಸದಾಗಿ ಮದುವೆಯಾದವರನ್ನು ಮಾತ್ರ ಸಣ್ಣ ಚರಂಡಿಗೆ ಹಾಕಬಾರದು. ಅವರ ಪಿಸುಮಾತಿಗೆ ನೀರು ಹುಚ್ಚೆದ್ದು ಬಂದು ದಂಡೆಯನ್ನೇ ಕೊಚ್ಚಿಬಿಡುತ್ತದೆ. ಇದನ್ನೆಲ್ಲ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ? ನಾನೇ ಬಿದ್ದು ಎದ್ದು ಕಲಿತೆ.

ಕಲಿತೆ ಎನ್ನುತ್ತೇನೆ, ಆದರೆ ಮೊದಮೊದಲು ನನಗೆ ಜಂಭ ಬಹಳ. ಮಾತಿನಿಂದ ನೆರೆ ತಡೆಯುವುದೇನು, ಇಳಿಜಾರು ಸರಿಯಾಗಿದ್ದರೆ ನೀರು ತಾನಾಗಿ ಹೋಗಬೇಕು, ಎಂದು ಹಟ ಹಿಡಿದು ಹೊಸ ಕಾಲುವೆ ಕಟ್ಟಿಸಿದೆ. ಊರಿನ ತೀರಾ ಕೆಳಗಿರುವುದು ತಗ್ಗಿನ ಕೇರಿ. ಅದರ ಬಾಯಿಯಲ್ಲಿ, ಅರಳಿಮರದ ಹತ್ತಿರ, ನೀರು ಎರಡು ಕಡೆ ಹೋಗಬಹುದು: ಬಲಕ್ಕೆ ಕೇರಿ, ಎಡಕ್ಕೆ ನನ್ನ ಕಾಲುವೆ. ಕಾಲುವೆ ಅಲ್ಲಿಂದ ಬಯಲು ದಾಟಿ ದೊಡ್ಡ ಹಳ್ಳಕ್ಕೆ ಸೇರುತ್ತದೆ. ಎಂಥಾ ಕಾಲುವೆ ಅಂತೀರಿ! ಅಗಲ, ಆಳ, ಕಲ್ಲಿನ ಕಟ್ಟಡ, ಒಂದು ಕಡೆ ಬೆರಳಿಡುವ ಹಾಗಿಲ್ಲ. ಆದರೆ ನೀರು ಒಂದು ಹನಿಯೂ ಹರಿಯಲಿಲ್ಲ. ಬಯಲಿನಲ್ಲಿ ಕೂತು ಮಾತಾಡುವುದಕ್ಕೆ ಯಾರಿಗೆ ಏನಿದೆ? ಅಲ್ಲಿಗೆ ಹಾಕಿದ ಮಾತುಗಾರರು ಆಕಳಿಸಿ ಎದ್ದು ಬಂದರು. ಕಾಲುವೆಯಲ್ಲಿ ಹೆಂಗಸರು ಹಪ್ಪಳ ಒಣಗಿಸಿದರು, ಹುಡುಗರು ಕ್ರಿಕೆಟ್ ಆಡಿದರು. “ಇಂಜಿನಿಯರಮ್ಮನ ಕಣದಲ್ಲಿ ಮೆಣಸಿನಕಾಯಿ ಹರವಿ ಬಂದೆ,” ಎಂದು ನನ್ನ ಎದುರಿಗೇ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಗ್ಗಿನ ಕೇರಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಇಬ್ಬರು ವಾರಗಿತ್ತಿಯರಿದ್ದರು, ಹಿರಿಯಳು ತಾಯಮ್ಮ, ಕಿರಿಯಳು ಚೆಲುವಾಜಮ್ಮ. ಚೆಲುವಾಜಮ್ಮನ ಮಗಳು ನೀಲಾವತಿ ಅಂಬೆಗಾಲಿಡುತ್ತಿದ್ದ ಕಾಲದಿಂದ ಇವರಿಬ್ಬರ ನಡುವೆ ಮಾತಿಲ್ಲ. ಅತ್ತೆಯ ಉಪ್ಪಿನಕಾಯಿ ಜಾಡಿ ಒಡೆದದ್ದಕ್ಕೆ ಎಂದು ಊರವರು ಹೇಳುತ್ತಿದ್ದರು. ಜಾಡಿ ಒಡೆದದ್ದು ಮಳೆಗಾಲದಲ್ಲಿ. ಜಗಳವನ್ನು ದೀಪಾವಳಿಗೆ ಎತ್ತಿಟ್ಟರು. ದೀಪಾವಳಿ ಬಂತು, ಆದರೆ ಇಬ್ಬರೂ ಬಾಯಿ ಬಿಡಲಿಲ್ಲ. ಇಟ್ಟ ಜಗಳ ಗಂಟಲಲ್ಲೇ ಗಟ್ಟಿಯಾಯಿತು. ಆಮೇಲೆ ಎಷ್ಟೋ ದೀಪಾವಳಿ ಬಂದು ಹೋದವು. ಆ ನೀಲಾವತಿ ಈಗ ದೊಡ್ಡವಳಾಗಿ, ಮದುವೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮಲ್ಲಿ ಬಸುರಿಯರನ್ನು ದೊಡ್ಡ ಮಳೆಗೆ ಮುಂಚೆಯೇ ದಿಣ್ಣೆಯ ಮೇಲಿನ ಆಸ್ಪತ್ರೆಗೆ ಸೇರಿಸಿಬಿಡುತ್ತಾರೆ, ಅಲ್ಲಿ ಎಷ್ಟು ಕೂಗಿದರೂ ನೀರಿಗೆ ಹತ್ತಲಾಗುವುದಿಲ್ಲ. ಅವಳಿಗೆ ಇನ್ನೂ ದಿನವಿತ್ತು. ನಾಳೆ ಕರೆದುಕೊಂಡು ಹೋದರಾಯಿತು ಎಂದುಕೊಂಡಿದ್ದರು.

ಆಶ್ಲೇಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬೆಳಿಗ್ಗೆ ಮೇಲಿನ ಕೆರೆ ಕೋಡಿ ಬಿತ್ತು. ದಿಣ್ಣೆಯ ರಸ್ತೆ ಕುಸಿಯಿತು. ಬುಡ್ಡನ್ ಸಾಬರು, ಹೊನ್ನಪ್ಪ ಹಳೇ ಚರಂಡಿಯ ದಂಡೆಯಲ್ಲಿ ಗಂಟಲು ಹರಿಯುವ ಹಾಗೆ ವಾದ ಮಾಡುತ್ತಿದ್ದರು, ಆದರೆ ಅಷ್ಟು ನೀರಿಗೆ ಆ ಚರಂಡಿ ಎಲ್ಲಿ ಸಾಕು? ಉಳಿದ ನೀರು ಅರಳಿಮರದ ಹತ್ತಿರ ಬಂದು ಕೆಂಪಗೆ ಸುತ್ತುತ್ತ ನಿಂತಿತು. ಕೇರಿಯಲ್ಲಿ ಉಸಿರಿನ ಸದ್ದೂ ಇಲ್ಲ. ಹೀಗೇ ಇದ್ದರೆ ಬಚಾವಾದೆವು ಎಂದುಕೊಂಡೆ. ಆಗ ನೀಲಾವತಿಗೆ ನೋವು ಬಂತು. ಕೇರಿಯ ಮಧ್ಯದಿಂದ ಒಂದು ಕೂಗು ಕೇಳಿಸಿತು. ಸುತ್ತುತ್ತಿದ್ದ ನೀರು ಗಕ್ಕನೆ ನಿಂತು, ಬಲಕ್ಕೆ ಹೊರಳಿತು.

ನಾನು ಓಡಿದೆ. ನರ್ಸ್ ಫಿಲೋಮಿನಾ ಒಳಗಿದ್ದಳು. ಕೇರಿಯವಳೇ, ಕೈಗುಣ ಒಳ್ಳೆಯದು. ಅಂಗಳಕ್ಕೆ ಬಂದು, ಕೈ ಅಡ್ಡ ಆಡಿಸಿ, ನನ್ನ ಕಿವಿಯಲ್ಲಿ ಹೇಳಿದಳು. “ಎತ್ತೋ ಹಾಗಿಲ್ಲ ಮೇಡಂ. ತಲೆ ಕೆಳಗೆ ಇಳಿದಿದೆ. ಅಲ್ಲಾಡಿಸಿದ್ರೆ ಇಬ್ರಿಗೂ ಅಪಾಯ.” ಒಳಗೆ ಚೆಲುವಾಜಮ್ಮ ಮಗಳ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು, ಅವಳ ಕಣ್ಣಲ್ಲೂ ಧಾರೆ. ನೀಲಾವತಿಯ ಮುಖ ಕಪ್ಪಿಟ್ಟಿತ್ತು. ಫಿಲೋಮಿನಾ ಒಳಗೆ ಹೋಗಿ ಸೆರಗು ಕಿತ್ತೆಸೆದಳು. “ಉಸಿರು ಕಟ್ಟಿದ್ರೆ ಕೂಸು ಹೋಗುತ್ತೆ! ಅವಳು ಕೂಗ್ಲೇಬೇಕು!” ನೀಲಾವತಿ ಕೂಗಿದಳು. ನೀರು ಕೇರಿಯ ಮೊದಲ ಮನೆಯ ಮೆಟ್ಟಿಲು ಹತ್ತಿತು.

ಅವಳು ಕೂಗಲೇಬೇಕು ಎಂದ ಮೇಲೆ ನೀರಿಗೆ ಅದಕ್ಕಿಂತ ರುಚಿಯಾದದ್ದು ಬೇರೆ ಕಡೆ ಬೇಕು. ಮಾತಿಗೆ ನಾನೇ ಇದ್ದೇನಲ್ಲ! ಹೊಸ ಕಾಲುವೆಯ ದಂಡೆಗೆ ಹೋಗಿ ನಿಂತು ಶುರು ಮಾಡಿದೆ. ಕಾಲುವೆಯ ಇಳಿಜಾರು ಎಷ್ಟು ಸರಿ, ಕಲ್ಲು ಎಲ್ಲಿಂದ ತಂದದ್ದು, ಈ ಕಡೆ ಬಂದರೆ ನೀರಿಗೇ ಎಷ್ಟು ಅನುಕೂಲ, ಎಲ್ಲ ಹೇಳಿದೆ. ನೀರು ಒಂದು ನಾಲಿಗೆಯಷ್ಟು ಒಳಗೆ ಬಂತು, ಕೇಳಿತು, ವಾಪಸು ಹೋಯಿತು. ನನ್ನ ಜೀವಮಾನದಲ್ಲಿ ಅಂಥ ಅವಮಾನ ಆಗಿರಲಿಲ್ಲ.

ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷ ರುದ್ರಮುನಿಯವರು ಜೀಪಿನ ಮೇಲೆ ಮೈಕು ಕಟ್ಟಿಸಿಕೊಂಡು ಬಂದರು. ನಾನು ಬೇಡ ಬೇಡ ಎಂದು ಕೈಮುಗಿಯುತ್ತಿದ್ದ ಹಾಗೇ, “ಸಮಸ್ತ ನಾಗರಿಕ ಬಂಧುಗಳೇ, ನೀರು ನಮ್ಮೆಲ್ಲರ ಜೀವನಾಡಿ,” ಎಂದು ಎತ್ತಿಕೊಂಡರು. ನೀರು ಅವರ ಕಡೆ ಬೆನ್ನು ಹಾಕಿತು. ಅದಿರಲಿ, ಕೇರಿಯ ಬಾಯಿಯಲ್ಲಿ ನಿಂತಿದ್ದ ಜನ, ಮಳೆಗಾಲವೆಂಬುದನ್ನೂ ಮರೆತು, “ಥೂ ಇವನ ಬಾಯಿಗಿಷ್ಟು, ಹೊತ್ತು ಗೊತ್ತು ಬೇಡ್ವಾ,” ಎಂದು ಗೊಣಗತೊಡಗಿದರು. ಆ ಗೊಣಗಾಟ ಕೇಳಲು ನೀರು ಇನ್ನೂ ಒಂದು ಹೆಜ್ಜೆ ಕೇರಿಯೊಳಕ್ಕೆ ಬಂತು. ನಾನು ಜೀಪು ಹತ್ತಿ ಮೈಕಿನ ತಂತಿ ಕಿತ್ತೆ. ಅದಕ್ಕೆ ಆಮೇಲೆ ನೋಟಿಸು ಕೊಟ್ಟರು, ಕೊಡಲಿ.

ಮತ್ತೆ ಕೇರಿಗೆ ಓಡಿ ಬಂದಾಗ ಕಂಡದ್ದು ತಾಯಮ್ಮ. ತನ್ನ ಹಿತ್ತಿಲಿನಲ್ಲಿ, ಮಳೆಯಲ್ಲಿ, ಕಾಯಿಸಿದ ನೀರಿನ ಹಂಡೆಯ ಪಕ್ಕ ನಿಂತಿದ್ದಳು. ಬಾಣಂತಿಗೆಂದೇ ಕಾಯಿಸಿದ್ದು. ಕೊಡಲು ಹೋಗಲಾರಳು, ಸುಮ್ಮನಿರಲೂ ಆರಳು. ತುಟಿಯನ್ನು ಒಳಕ್ಕೆ ಕಚ್ಚಿಕೊಂಡಿದ್ದಳು. ಆ ಬಾಯಿಯನ್ನು ನೋಡಿ ನನಗೆ ಹೊಳೆಯಿತು. ಅಯ್ಯೋ ದೇವರೇ, ಇಷ್ಟು ವರ್ಷ ಕೂಡಿಟ್ಟ ಮಾತು ಇಲ್ಲೇ ಇದೆಯಲ್ಲ! ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ಹಂಡೆಯನ್ನು ಪಕ್ಕದ ಮನೆಯವರು ಒಳಗೆ ಸಾಗಿಸಿದರು. ಚೆಲುವಾಜಮ್ಮ ಮಗಳನ್ನು ಬಿಟ್ಟು ಏಳಲೊಲ್ಲಳು. ಫಿಲೋಮಿನಾ ಗದರಿದಳು. “ನಿನ್ನ ಅಳುವಿಗೂ ನೀರು ಬರ್ತಿದೆ ಕಣಮ್ಮ. ಮಗಳು ಉಳೀಬೇಕಾದ್ರೆ ಎದ್ದು ಹೋಗು!” ಎದ್ದಳು.

ಕಾಲುವೆಯ ಆ ದಂಡೆಗೆ ತಾಯಮ್ಮನನ್ನು ನಿಲ್ಲಿಸಿದೆ, ಈ ದಂಡೆಗೆ ಚೆಲುವಾಜಮ್ಮನನ್ನು. ಇಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತ ನಿಂತರು. ಮಳೆ ಸುರಿಯುತ್ತಿತ್ತು. ಕೇರಿಯಿಂದ ನೀಲಾವತಿಯ ಕೂಗು ಕೇಳುತ್ತಿತ್ತು. ಬೇಡಿಕೊಂಡೆ, ಕಾಲು ಹಿಡಿಯುತ್ತೇನೆ ಎಂದೆ. ಊಹೂಂ. ಕೊನೆಗೆ ನನಗೆ ರೇಗಿತು, ರೇಗಿದಾಗ ನನಗೆ ಬುದ್ಧಿ ಚೆನ್ನಾಗಿ ಓಡುತ್ತದೆ. ಚೆಲುವಾಜಮ್ಮನ ಹತ್ತಿರ ಹೋಗಿ, ಶುದ್ಧ ಸುಳ್ಳೊಂದನ್ನು ಹೇಳಿದೆ. “ಅಲ್ಲ ಚೆಲುವಾಜಮ್ಮೋರೇ, ಆ ಜಾಡಿ ಒಡೆದಿದ್ದು ನೀವೇ ಅಂತಲ್ಲ? ತಾಯಮ್ಮೋರು ಈಗ ತಾನೇ ಹೇಳಿದ್ರು.” ಚಾಡಿಯೂ ಒಂದು ವಿದ್ಯೆಯೇ, ಹೊತ್ತು ನೋಡಿ ಹೇಳಬೇಕು.

ಚೆಲುವಾಜಮ್ಮ ಗಿರ್ರನೆ ತಿರುಗಿದಳು. “ನಾನು ಒಡೆದ್ನಾ? ಅತ್ತೆಮ್ಮನ ಜಾಡೀನ ನಾನು ಒಡೆದ್ನಾ? ಬೆಕ್ಕು ಹಾರಿ ಒಡೀತು ಅಂತ ಸಾವಿರ ಜನ ನೋಡಿದಾರೆ!”

ತಾಯಮ್ಮನ ಕತ್ತು ತಿರುಗಿತು. ಆಮೇಲೆ ಆ ಬಾಯಿ ತೆರೆಯಿತು. “ಅಯ್ಯೋ ನಿನ್ ಮನೆ ಕಾಯ್ವೋಗ! ಅಟ್ಟದಿಂದ ಜಾಡಿ ಇಳಿಸಿದೋಳು ನೀನು, ಮುಚ್ಚಳ ತೆಗೆದೋಳು ನೀನು, ಪಾಪ ಬಾಯಿಲ್ಲದ ಬೆಕ್ಕಿನ ಮೇಲೆ ಹಾಕ್ತೀಯಾ?”

“ಬೆಕ್ಕು ಯಾರದು? ನಿಂದು! ಹಾಲು ಹಾಕಿ ಸಾಕಿದೋಳು ಯಾರು? ನೀನು!”

ನನ್ನ ಹಿಂದೆ ಏನೋ ಸದ್ದಾಯಿತು. ಅರಳಿಮರದ ಹತ್ತಿರ ನೀರು ಕೇರಿಯಿಂದ ಹಿಂದಕ್ಕೆ ಸರಿದು ಎಡಕ್ಕೆ ಹೊರಳುತ್ತಿತ್ತು. ಕಲ್ಲಿನ ಮೇಲೆ ಹರವಿದ್ದ ಹಳೇ ಗೋಣಿಚೀಲಗಳನ್ನು ತಳ್ಳಿಕೊಂಡು ನನ್ನ ಕಾಲುವೆಗೆ ಇಳಿಯಿತು. ಮೊಣಕಾಲುದ್ದ, ಸೊಂಟದುದ್ದ. ಇಬ್ಬರ ನಡುವೆ ಬಂದು ಮೆಲ್ಲಗಾಯಿತು. ಜಾಡಿಯ ಜಗಳ ಎಷ್ಟು ಹೊತ್ತು ಬಂದೀತು?

ಆದರೆ ತಾಯಮ್ಮ ಜಾಡಿಯನ್ನು ದಾಟಿಬಿಟ್ಟಳು. “ಜಾಡಿ ಹಾಳಾಗ್ಲಿ ಕಣೇ! ಆ ಮಳೇಲಿ ನಾನು ಹೆತ್ತೆ, ಆಗ ದಿಣ್ಣೆ ಮೇಲೆ ಆಸ್ಪತ್ರೆ ಎಲ್ಲಿತ್ತು? ಕೇರಿ ಮುಳುಗಬಾರ್ದು ಅಂತ ಬಾಯಿಗೆ ಬಟ್ಟೆ ತುರುಕ್ಕೊಂಡು ಹೆತ್ತೆ. ಕೂಸು ಅಳ್ಲೇ ಇಲ್ಲ. ನಾನೂ ಅಳ್ಲಿಲ್ಲ. ಗೋಡೆ ಆಚೆ ನೀನಿದ್ದೆ. ಒಂದು ಮಾತು, ಒಂದೇ ಒಂದು ಮಾತು ಆಡ್ದೇನೇ ನನ್ನ ಹತ್ರ?”

ಊರಿನಲ್ಲಿ ಯಾರೂ ಈ ವಿಷಯ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಎಲ್ಲರೂ ಜಾಡಿ ಎನ್ನುತ್ತಿದ್ದರು. ಚೆಲುವಾಜಮ್ಮ ಎದೆ ಎದೆ ಬಡಿದುಕೊಂಡಳು. “ಮಳೆ ಕಣಕ್ಕಾ! ಬಾಯಿ ಬಿಟ್ಟಿದ್ರೆ ನಿನ್ನ ಕೋಣೆಗೇ ನೀರು ನುಗ್ತಿತ್ತು. ನಿನ್ನ ಕಡೆ ಗೋಡೆಗೆ ಕೈ ಇಟ್ಕೊಂಡು ಬೆಳಗಾಗೋವರೆಗೂ ಕೂತಿದ್ದೆ. ಮಳೆ ಬಿಟ್ಟ ದಿನಾನೇ ಬಂದು ಕದ ತಟ್ಟಿದೆ, ನೀನು ತೆಗೀಲಿಲ್ಲ!”

“ತಟ್ಟಿದೆ! ತಟ್ಟೋಕೆ ಗಾಳಿಯೂ ತಟ್ಟುತ್ತೆ! ಅಕ್ಕಾ ಅಂತ ಕೂಗಿದ್ಯಾ? ಕೂಗಿದ್ರೆ ತೆಗೀತಿದ್ದೆ!”

“ಎಲ್ಲಿಂದ ಶುರು ಮಾಡ್ಲಿ ಅಂತ ಗೊತ್ತಾಗ್ಲಿಲ್ಲ. ಆಮೇಲೆ ವರ್ಷ ಆಯ್ತು. ಆಮೇಲೆ ನಾಚಿಕೆ ಆಯ್ತು. ನಾನೇನು ಕಲ್ಲಾ ಅಕ್ಕಾ?”

ನೀರು ಗರ್ಜಿಸಿಕೊಂಡು ಬಂತು. ಕೇರಿಯೊಳಗೆ ಒಂದು ಬಿಂದಿಗೆಯಷ್ಟೂ ನಿಲ್ಲಲಿಲ್ಲ, ಮೇಲಿನ ಕೆರೆಯ ಕೋಡಿಯೆಲ್ಲ ನನ್ನ ಕಾಲುವೆಗೆ ಬಂದು, ದಂಡೆಯ ಅಂಚಿಗೆ ಮುಟ್ಟಿ ನಿಂತಿತು. ಕೇಳುತ್ತ ನಿಂತುಬಿಟ್ಟರೆ ದಂಡೆ ಒಡೆಯುತ್ತದೆ! “ನಡೀರಿ! ನಡ್ಕೊಂಡು ಜಗಳ ಆಡಿ! ಹಳ್ಳದ ಕಡೆಗೆ!” ಎಂದು ಕೂಗಿದೆ. ಅವರಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ, ಒಬ್ಬಳನ್ನೊಬ್ಬಳು ಬಯ್ಯುತ್ತ, ಅಳುತ್ತ, ಆ ದಂಡೆಯಲ್ಲಿ ಅವಳು, ಈ ದಂಡೆಯಲ್ಲಿ ಇವಳು, ನಡೆಯತೊಡಗಿದರು. ಅವರ ನಡುವೆ ಇಡೀ ನೆರೆ, ಸಾಕಿದ ಎಮ್ಮೆಯ ಹಾಗೆ, ಹಿಂಬಾಲಿಸಿತು. ನೋಡಿದ ಜನಕ್ಕೆ ತಡೆಯಲಾಗಲಿಲ್ಲ. ದೀಪಾವಳಿಗೆ ಎತ್ತಿಟ್ಟದ್ದನ್ನೆಲ್ಲ ಹೊತ್ತುಕೊಂಡು ದಂಡೆಗೆ ಓಡಿ ಬಂದರು. ಗಂಡ ಹೆಂಡಿರು, ಅಣ್ಣ ತಮ್ಮಂದಿರು, ಬಾಡಿಗೆದಾರರು ಮನೆಮಾಲೀಕರು. ಅಧ್ಯಕ್ಷರ ಹೆಂಡತಿಯೇ ಅಧ್ಯಕ್ಷರನ್ನು ಹಿಡಿದುಕೊಂಡಳು, ಅವರ ಬಾಯಿಂದ ಆವತ್ತು ಮೊದಲ ಸಲ ಮನಸ್ಸಿಟ್ಟ ಮಾತು ಬಂತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮೂರಲ್ಲಿ ಜಗಳ ಬಲ್ಲವನಿಗೆ ನೆರೆಯಿಲ್ಲ. ಬಯಲು ದಾಟಿ, ನನ್ನ ಕಾಲುವೆಯ ಕೊನೆಯ ಕಲ್ಲು ದಾಟಿ, ನೀರು ಧುಮುಕಿ ಹಳ್ಳಕ್ಕೆ ಸೇರಿತು. ನಾನು ಚಪ್ಪಾಳೆ ತಟ್ಟುತ್ತ ಕುಣಿದೆ. ಸುಳ್ಳೇಕೆ ಹೇಳಲಿ, ಕುಣಿದೆ.

ಆಗ ಕೇರಿಯ ಕಡೆಯಿಂದ ಹೊನ್ನಪ್ಪ ಓಡಿ ಬಂದ. “ಆಯ್ತು! ಹೆರಿಗೆ ಆಯ್ತು!”

ಆಗ ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಇಡೀ ಊರು ಒಟ್ಟಿಗೆ ಮಾಡಿತು. ಮಳೆಗಾಲದಲ್ಲಿ ಒಳ್ಳೆಯ ಸುದ್ದಿ ಬಂದರೆ ಇಲ್ಲಿ ಯಾರೂ ಹೋ ಎನ್ನುವುದಿಲ್ಲ, ಬಾಯಿ ಮುಚ್ಚಿ ಕೈ ಮುಗಿಯುತ್ತಾರೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಎರಡೂ ದಂಡೆಯ ಜನ ಒಂದೇ ಸಲ ಮೌನವಾಗಿ ಕೈ ಮುಗಿದರು. ಆ ಮೌನದಲ್ಲಿ, ದೂರದ ಕೇರಿಯಿಂದ, ಕೂಸಿನ ಅಳು ತೆಳ್ಳಗೆ ಕೇಳಿಸಿತು. ಕಾಲುವೆಯ ನೀರು ನಿಂತಿತು. ಮೆಲ್ಲಗೆ, ಬಂದ ದಾರಿಗೆ ಮುಖ ತಿರುಗಿಸಿತು.

“ಮಾತಾಡ್ರೋ!” ಎಂದು ಅರಚಿದೆ. ನನ್ನ ಒಬ್ಬಳ ದನಿಗೆ ಏನಾಗುತ್ತದೆ? ಜನಕ್ಕೆ ಗಾಬರಿಯಲ್ಲಿ ನಾಲಿಗೆ ಕಟ್ಟಿಹೋಗಿತ್ತು. ಆಗ ಆಚೆ ದಂಡೆಯಿಂದ ತಾಯಮ್ಮ ಕೂಗಿದಳು. “ಹೆಣ್ಣೋ ಗಂಡೋ, ಅದನ್ನಾದ್ರೂ ಬೊಗಳೋ ಹೊನ್ನಪ್ಪಾ!”

“ಹೆಣ್ಣು ಕಣಕ್ಕೋ!”

“ಅತ್ತೆಮ್ಮನ ಹೆಸರೇ ಇಡೋದು,” ಎಂದಳು ಚೆಲುವಾಜಮ್ಮ ಅಳುತ್ತಲೇ.

“ಆ ಯಮ್ಮನ ಹೆಸರಾ? ಒಂದು ಜಾಡಿ ಬಿಟ್ಟು ಇನ್ನೇನು ಕೊಟ್ಟಿದ್ಲು ನಮಗೆ? ಅದನ್ನೂ ನೀನು ಒಡೆದೆ!”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆಮೇಲೆ ಊರಿನ ಪ್ರತಿಯೊಬ್ಬರಿಗೂ ಆ ಕೂಸಿಗೆ ಇಡಬೇಕಾದ ಹೆಸರು ಒಂದೊಂದು ಹೊಳೆಯಿತು, ಪ್ರತಿಯೊಬ್ಬರೂ ಪಕ್ಕದವರ ಹೆಸರು ದರಿದ್ರ ಎಂದರು. ನೀರು ತಡಬಡಿಸಿ ಮತ್ತೆ ಈ ಕಡೆ ತಿರುಗಿ, ಒಂದೇ ಉಸಿರಿಗೆ ಹಳ್ಳದ ಕಡೆ ನುಗ್ಗಿತು.

ನಾನು ವಾರಗಿತ್ತಿಯರನ್ನು ಕರೆದುಕೊಂಡು ಕೇರಿಗೆ ಬಂದೆ. ಚೆಲುವಾಜಮ್ಮನ ಮನೆಯ ಹೊಸ್ತಿಲು ಒದ್ದೆಯಾಗಿತ್ತು, ಒಳಗೆ ನೆಲ ಒಣಗಿತ್ತು. ಕೂಸು ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಅಷ್ಟು ಚಿಕ್ಕ ಗಂಟಲಿನಲ್ಲಿ ಅಷ್ಟು ದೊಡ್ಡದಾಗಿ ಅಳುತ್ತಿತ್ತು. ಚೆಲುವಾಜಮ್ಮ ಅಭ್ಯಾಸಬಲದಿಂದ ಕಂಬಳಿ ಹುಡುಕಿದಳು, ಎತ್ತಿಕೊಂಡು ದಂಡೆಗೆ ಓಡಲು. ತಾಯಮ್ಮ ಅವಳ ಕೈ ಹಿಡಿದುಕೊಂಡಳು. “ಬಿಡೇ, ಅಳ್ಲಿ. ಈ ಕೇರೀಲಿ ಮಳೇಲಿ ಅತ್ತ ಮೊದಲನೇ ಕೂಸು. ಅಳ್ಲಿ, ಕೇಳೋಣ.” ನೀಲಾವತಿ ಮಲಗಿದಲ್ಲಿಂದಲೇ, “ದೊಡ್ಡವ್ವಾ,” ಎಂದು ಕೂಗಿದಳು. ತಿಳಿವಳಿಕೆ ಬಂದಾಗಿನಿಂದ ಅವಳು ಹಾಗೆ ಕರೆದದ್ದು ಇದೇ ಮೊದಲಂತೆ. ತಾಯಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತು, ಅಷ್ಟು ವರ್ಷದ ಹಿಂದೆ ಅಳದೆ ಬಿಟ್ಟದ್ದನ್ನು ಅಳಲು ಶುರು ಮಾಡಿದಳು. ಬಾಯಿಗೆ ಸೆರಗು ಅಡ್ಡ ಇಟ್ಟುಕೊಳ್ಳಲಿಲ್ಲ. ನಾನು ಹೊಸ್ತಿಲ ಕಡೆ ನೋಡಿದೆ. ಒಂದು ಹನಿಯೂ ಬರಲಿಲ್ಲ.

ಬರಬಾರದಿದ್ದರೆ ಹೊರಗೆ ಮಾತು ನಿಲ್ಲಬಾರದು. ಕಣ್ಣು ಒರೆಸಿಕೊಂಡು ಕಾಲುವೆಗೆ ಓಡಿದೆ. ಜನ ಗಂಟಲು ಕಟ್ಟಿ ಸುಸ್ತಾಗಿದ್ದರು, ಬುಡ್ಡನ್ ಸಾಬರು ಕೂಡ ಹೊನ್ನಪ್ಪ ಹೇಳಿದ್ದಕ್ಕೆ ಹೌದು ಎನ್ನುವ ಸ್ಥಿತಿಗೆ ಬಂದಿದ್ದರು. ಮಳೆ ಇನ್ನೂ ಬರುತ್ತಿತ್ತು. ನೀರು ಮೆಲ್ಲಗಾಗುತ್ತಿತ್ತು. ನಾನು ದಂಡೆಯ ಮೇಲೆ, ಕೊಡೆಯ ಕೆಳಗೆ ಕೂತು ಅಮ್ಮನಿಗೆ ಫೋನು ಮಾಡಿದೆ.

“ಅಮ್ಮಾ, ಇವತ್ತೊಂದಿನ ಬಾಯಿ ಮುಚ್ಚು ಅನ್ನಬೇಡ, ಪೂರ್ತಿ ಕೇಳು,” ಎಂದು ಮೊದಲಿನಿಂದ ಹೇಳತೊಡಗಿದೆ. ಗೋಡೆಗೆ ಕೈ ಇಟ್ಟುಕೊಂಡು ಕೂತವಳ ವಿಷಯಕ್ಕೆ ಬಂದಾಗ ನನಗೇ ಅಳು ಬಂತು, ಅಳುತ್ತಲೇ ಹೇಳಿದೆ. ಬೆಳಿಗ್ಗೆ ನನ್ನ ಮಾತು ಕೇಳದೆ ವಾಪಸು ಹೋಗಿದ್ದ ಅದೇ ನೀರು ಈಗ ಕಾಲುವೆ ತುಂಬಿ, ನನ್ನ ಪಾದ ಸವರಿಕೊಂಡು, ದಡದಡನೆ ಹರಿಯತೊಡಗಿತು.

“ಅದೇನೇ ಅದು, ಅಷ್ಟು ಸದ್ದು?” ಎಂದು ಅಮ್ಮ ಕೇಳಿದಳು.

“ನನ್ನ ಕಾಲುವೆ ಕಣಮ್ಮಾ,” ಎಂದೆ.